ಸ್ಟಾರ್ಟರಿಗೆ ಕಿವಿ ಇಲ್ಲ

ಅಲ್ಲ ಮಾರಾಯ, ನೀನು ಮೊದಲು ಆ ತಲೆ ಅಲ್ಲಾಡಿಸುವುದನ್ನು ನಿಲ್ಲಿಸು. ವೇಣೂರಿನ ಹೊಳೆಯಲ್ಲಿ ನಾನು ಮೊಸಳೆಯ ಬೆನ್ನನ್ನು ಬಂಡೆ ಎಂದು ತಿಳಿದು ಬಟ್ಟೆ ಒಗೆದ ಕತೆಯಲ್ಲಿ ಬೇಕಾದರೆ ಅರ್ಧ ಬಿಟ್ಟುಕೊಡುತ್ತೇನೆ. ಬಟ್ಟೆ ಒಗೆದದ್ದು ನಿಜ. ಆದರೆ ಹಕೀಮ ವ್ಯಾನಿನ ಮಂಡೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಅದಕ್ಕೆ ಬುದ್ಧಿ ತುಂಬಿಸಿದ ಕತೆಯಲ್ಲಿ ಒಂದು ಅಕ್ಷರವನ್ನೂ ಬಿಡುವುದಿಲ್ಲ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಸ್ಟೂಲಿನ ಒಂದು ಕಾಲು ಗಿಡ್ಡ. ಸುಳ್ಳು ಹೇಳುವವನಿಗೆ ಅದೆಲ್ಲ ನೆನಪಿರುತ್ತದೆಯೇ?

ಹಕೀಮ ಅಂದರೆ ಅಬ್ದುಲ್ ಹಕೀಂ. ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದು ಬೆಳ್ತಂಗಡಿ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಅವನ ಅಂಗಡಿ. ಗಾಡಿಗಳ ವಯರಿಂಗ್ ಕೆಲಸ. ಗಲ್ಫಿನ ದೊಡ್ಡದೊಂದು ವರ್ಕ್‌ಶಾಪಿನಲ್ಲಿ ಬಹಳ ಕಾಲ ದುಡಿದು, ಹೆತ್ತ ಉಮ್ಮನಿಗೆ ಕಾಲು ಬಾರದಾದ ಮೇಲೆ ಊರಿಗೆ ಬಂದವ. ಚಾ ಕುಡಿಯುವ ಮೊದಲು ಕೈಯನ್ನು ಮೂರು ಬಟ್ಟೆಗಳಲ್ಲಿ ಒರೆಸುತ್ತಾನೆ. ಅಷ್ಟರಲ್ಲಿ ಚಾ ತಣ್ಣಗಾಗಿ, ಅದನ್ನು ಹಾಗೆಯೇ ಬಿಟ್ಟು ಮತ್ತೊಂದು ಹೇಳುತ್ತಾನೆ. ಗಾಡಿ ಬಂದರೆ ಕೂಡಲೇ ಕೈ ಹಾಕುವುದಿಲ್ಲ. ಬಾನೆಟ್ಟಿನ ಮೇಲೆ ಕಿವಿ ಇಟ್ಟು, ಕಣ್ಣು ಮುಚ್ಚಿ ನಿಂತುಬಿಡುತ್ತಾನೆ. ಒಮ್ಮೆ ಹಾಗೆ ನಿಂತವ ನಿದ್ದೆಹೋಗಿ, ಗಾಡಿಯವನು ಅವನನ್ನು ಹಾಗೇ ಚಾರ್ಮಾಡಿಯವರೆಗೆ ಒಯ್ದ ಅಂತ ನಾನು ಎಲ್ಲರಿಗೂ ಹೇಳಿದ್ದೇನೆ. ಅದನ್ನು ನೀನು ನಂಬುವುದು ಬೇಡ.

ಈಗಿನ ಎಲ್ಲ ಗಾಡಿಗಳಲ್ಲೂ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಉಂಟು. ಎಂಜಿನ್ನಿಗೆ ಎಷ್ಟು ಪೆಟ್ರೋಲ್, ಯಾವ ಹೊತ್ತಿಗೆ ಕಿಡಿ, ಎಲ್ಲ ಅದರದೇ ಯಜಮಾನಿಕೆ. ಓದಿದವರು ಅದಕ್ಕೆ ಏನೋ ಹೆಸರು ಹೇಳುತ್ತಾರೆ. ಹಕೀಮ ಹೇಳುವುದು ಮಂಡೆ. ಮಂಡೆ ಕೆಟ್ಟರೆ ಗುಜರಿಯಿಂದ ಅದೇ ಜಾತಿಯ ಇನ್ನೊಂದನ್ನು ತಂದು, ಹಳೆಯದರಲ್ಲಿ ಇದ್ದದ್ದನ್ನು ಲ್ಯಾಪ್‌ಟಾಪಿಗೆ ಓದಿಸಿಕೊಂಡು ಹೊಸದರೊಳಗೆ ಬರೆಯಬೇಕು. ಬರೆಯುವಷ್ಟು ಹೊತ್ತು, ಅಂದರೆ ಒಂದು ಚಾ ಕುಡಿದು ಲೋಟ ಕೆಳಗಿಡುವಷ್ಟು ಹೊತ್ತು, ಆ ಪೆಟ್ಟಿಗೆಗೆ ಹೋಗುವ ವೋಲ್ಟೇಜ್ ಅಲುಗಾಡಬಾರದು. ಅಲುಗಾಡಿತೋ, ಬರೆದದ್ದು ಅರ್ಧ. ಅರ್ಧ ಕಟ್ಟಿದ ತಾಳಿಯ ಹಾಗೆ, ಅತ್ತ ಮದುವೆಯೂ ಅಲ್ಲ, ಇತ್ತ ವಾಪಸು ಹೋಗುವ ಹಾಗೂ ಇಲ್ಲ.

ಈ ಕೆಲಸಕ್ಕೆಂದೇ ಅವನು ಗಲ್ಫಿನಿಂದ ಒಂದು ಪವರ್ ಸಪ್ಲೈ ಪೆಟ್ಟಿಗೆ ತಂದಿದ್ದ. ಎಷ್ಟು ವೋಲ್ಟ್ ಬೇಕೆಂದು ತಿರುಗಿಸಿ ಇಟ್ಟರೆ ಅಷ್ಟೇ ಕೊಡುತ್ತದೆ, ಕೂದಲೆಳೆ ಆಚೀಚೆ ಇಲ್ಲ. ಭಾರವೆಂದರೆ ಬಲಿತ ಹಲಸಿನಕಾಯಿಯ ಭಾರ. ಮನೆಯವರೆಲ್ಲ ಸುತ್ತ ಕೂತು, ಒಳಗೆ ಚಾಕಲೇಟೋ ಅತ್ತರೋ ಇದೆ ಎಂದು ಅದರ ರಟ್ಟಿನ ಡಬ್ಬ ಬಿಚ್ಚಿದರಂತೆ. ಅವನ ಹೆಂಡತಿ ಜುವೈರಿಯಾ ಅದನ್ನು ಇವತ್ತಿಗೂ ಸವತಿ ಎಂದೇ ಕರೆಯುವುದು.

ಆದರೆ ಗಲ್ಫಿನಲ್ಲಿ ಕರೆಂಟ್ ಅಂದರೆ ಕಲ್ಲಿನ ಕಂಬ. ನಮ್ಮಲ್ಲಿ ಬಾಳೆದಿಂಡು. ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಬಲ್ಬು ಉರಿಯುತ್ತಿದೆಯೋ ಇಲ್ಲವೋ ಎಂದು ನೋಡಲಿಕ್ಕೆ ನಾವು ಚಿಮಣಿ ದೀಪ ಹಚ್ಚುತ್ತೇವೆ. ಕಾರಣ ನಿನಗೇ ಗೊತ್ತುಂಟು. ಪಂಪುಗಳಿಗೆ ಬೇಕಾದ ತ್ರೀಫೇಸ್ ಕರೆಂಟ್ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ, ಅದೂ ಯಾವಾಗ ಬರುತ್ತದೆಂದು ಅದಕ್ಕೇ ಗೊತ್ತಿಲ್ಲ. ಕಾಯಲಿಕ್ಕೆ ಯಾರಿಗೆ ಪುರುಸೊತ್ತು? ಎಲ್ಲರೂ ಪಂಪಿಗೆ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ತ್ರೀಫೇಸ್ ಬಂದದ್ದೇ ತಡ, ಅದು ಯಾರನ್ನೂ ಕೇಳದೆ ಪಂಪನ್ನು ತಾನೇ ಚಾಲೂ ಮಾಡುತ್ತದೆ. ಇಡೀ ಊರಿನ ಪಂಪುಗಳು ಒಟ್ಟಿಗೆ ಎದ್ದು ಕೂತರೆ ಅಂಗಡಿಯ ಟ್ಯೂಬ್‌ಲೈಟ್ ಮಂಕಾಗುತ್ತದೆ, ಫ್ಯಾನು ನಿಲ್ಲಲಿಕ್ಕೆ ನೋಡುತ್ತದೆ, ಜುವೈರಿಯಾಳ ಸವತಿ ಕಣ್ಣು ಮುಚ್ಚುತ್ತಾಳೆ.

ಇಂಥ ಕಾಲದಲ್ಲೇ ಕುಸುಮಳ ವ್ಯಾನ್ ಮಲಗಿದ್ದು.

ಕುಸುಮ ನಮ್ಮ ತೋಟದ ಆಚೆ ಮನೆಯವಳು. ಬೀಡಿ ಕಟ್ಟುವ ಮೊರ, ನಮ್ಮ ತಡ್ಪೆ, ಕೆಳಗಿಟ್ಟು ಸ್ಟೇರಿಂಗ್ ಹಿಡಿದವಳು. ಒಳರಸ್ತೆಯ ಮಕ್ಕಳನ್ನೆಲ್ಲ ಶಾಲೆಗೆ ಬಿಟ್ಟು ತರುತ್ತಾಳೆ. ವ್ಯಾನನ್ನು ತೊಳೆಯುವಾಗ ಪೈಪಿನ ನೀರು ಮಂಡೆಯೊಳಗೆ ನುಗ್ಗಿತು. ಪರೀಕ್ಷೆಯ ಸಮಯ. ಎರಡು ದಿನ ಯಾರದೋ ಜೀಪು ಬೇಡಿ ಓಡಿಸಿದಳು. ಆದರೆ ಹೊಸ ವ್ಯಾನಿನವನೊಬ್ಬ ಆಗಲೇ ಮನೆ ಮನೆಗೆ ಹೋಗಿ, ಸೋಮವಾರದಿಂದ ನಾನೇ ಬರುತ್ತೇನೆ ಎಂದು ಹೇಳಿ ಬಂದಿದ್ದ. ಸೋಮವಾರ ಬೆಳಿಗ್ಗೆ ಅವಳ ಹಾರ್ನ್ ಕೇಳದಿದ್ದರೆ ಮಕ್ಕಳು ಅವನ ವ್ಯಾನ್ ಹತ್ತುತ್ತಾರೆ. ಹತ್ತಿದವರು ಮತ್ತೆ ಇಳಿದು ಬರುವುದುಂಟೇ?

ಗುಜರಿಯಲ್ಲಿ ಆ ಜಾತಿಯ ಮಂಡೆ ಸಿಕ್ಕಿದ್ದು ಒಂದೇ ಒಂದು. ಅದು ಹಾಳಾದರೆ ಮುಗಿಯಿತು.

ಶನಿವಾರ ಬೆಳಿಗ್ಗೆಯಿಂದ ಹಕೀಮ ಪವರ್ ಯಾವುದರಿಂದ ಕೊಡುವುದು ಎಂದು ಯೋಚಿಸುತ್ತಲೇ ಇದ್ದ. ಬ್ಯಾಟರಿ ಚಾರ್ಜರ್ ಆಗದು. ಅದರ ಮುಳ್ಳು ಭೂತ ಬಂದವರ ಹಾಗೆ ನಡುಗುತ್ತದೆ. ಇನ್ವರ್ಟರ್ ಆಗದು, ಕರೆಂಟಿನಿಂದ ಬ್ಯಾಟರಿಗೆ ಹಾರುವಾಗ ಒಮ್ಮೆ ಕಣ್ಣು ಮಿಟುಕಿಸುತ್ತದೆ. ಬರೀ ಕಾರಿನ ಬ್ಯಾಟರಿ ಸಾಲದೇ ಎಂದು ನಾನು ಕೇಳಿದೆ. ತುಂಬಿದ್ದರೆ ಸಾಕು, ಆದರೆ ಅಂಗಡಿಯಲ್ಲಿ ಇರುವುದೆಲ್ಲ ಮುದಿ ಬ್ಯಾಟರಿಗಳು, ಭಾರ ಹೊರಿಸಿದ ಮೇಲೆಯೇ ಅವುಗಳ ಮೊಣಕಾಲು ಗೊತ್ತಾಗುವುದು ಎಂದ. ನನ್ನ ಮೊಣಕಾಲನ್ನೂ ಒಮ್ಮೆ ನೋಡಿದ. ಮೂರು ಚಾ ತಣ್ಣಗಾದವು.

ಅಷ್ಟರಲ್ಲಿ ಕುಸುಮ ಬೆವರು ಒರೆಸುತ್ತಾ ಬಂದಳು. ಅವಳು ಸುಮ್ಮನೆ ಕೂರುವ ಜಾತಿ ಅಲ್ಲ. ಅಂಗಡಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರಿನ ಕೆಳಗೆ ಬರುವ ಎಲ್ಲ ತೋಟದವರ ಮನೆಗೂ ಹೋಗಿ, ಇವತ್ತೊಂದು ಮಧ್ಯಾಹ್ನ ಸ್ಟಾರ್ಟರ್ ಬಂದ್ ಮಾಡಿ ಇಡಿ ಎಂದು ಕೇಳಿಕೊಂಡಿದ್ದಳು. ಬಿಸಿಲಿನ ದಿನ, ಅಡಿಕೆ ಮರದ ಬುಡ ಸುಡುವ ಕಾಲ. ಆದರೂ ಯಾರೂ ಇಲ್ಲವೆನ್ನಲಿಲ್ಲ. ನಮ್ಮ ನೆರೆಮನೆಯ ಹರಿಪ್ರಸಾದನೂ ಒಪ್ಪಿದ ಎಂದರೆ ನೀನೇ ತಿಳಿದುಕೋ; ಅವನು ತನ್ನ ಮದುವೆಯ ದಿನವೂ ಧಾರೆಯ ನಡುವೆ ಎದ್ದು ಹೋಗಿ ಪಂಪ್ ಚಾಲೂ ಮಾಡಿ ಬಂದವ.

"ಇನ್ನು ಬರೆಯಿರಿ ಹಕೀಮಾಕ. ಇವತ್ತು ಯಾರ ಪಂಪೂ ಏಳುವುದಿಲ್ಲ. ಎಲ್ಲರೂ ಮಾತು ಕೊಟ್ಟಿದ್ದಾರೆ."

ಹಕೀಮ ಕೈ ಒರೆಸಲಿಕ್ಕೆ ಎರಡನೆಯ ಬಟ್ಟೆ ಎತ್ತಿಕೊಂಡ.

"ಮನುಷ್ಯರನ್ನು ನಾನು ನಂಬ್ತೇನೆ ಕುಸುಮಕ್ಕ. ಸ್ಟಾರ್ಟರಿಗೆ ಕಿವಿ ಇಲ್ಲವಲ್ಲ."

ಹಾಗೆಂದವನು ಸೀದಾ ರಸ್ತೆ ಬದಿಗೆ ಹೋದ. ಅಲ್ಲಿ ಅವನದೇ ಕಾರು. ಅದರೊಳಗೆ ಜುವೈರಿಯಾ, ಮೂಡಬಿದಿರೆಯ ತಂಗಿಯ ಮನೆಯ ಮದುವೆಗೆ ಹೊರಟು, ಮಡಿಲಲ್ಲಿ ಉಡುಗೊರೆ ಇಟ್ಟುಕೊಂಡು ಕೂತಿದ್ದಳು. ಹಕೀಮ ಅವಳ ಎದುರಿಗೇ ಬಾನೆಟ್ ಎತ್ತಿ ಹೊಸ ಬ್ಯಾಟರಿಯನ್ನೇ ಬಿಚ್ಚಿಕೊಂಡು ಬಂದ. ಅವಳು ಗ್ಲಾಸು ಇಳಿಸಿ ನನ್ನನ್ನು ಕರೆದಳು.

"ಭಟ್ರೇ, ಎಲ್ಲರ ಮಂಡೆಗೂ ಇವರು ಬರೀತಾರಲ್ಲ, ಇವರ ಮಂಡೆಗೆ ಬರೆಯುವವರು ಯಾರು ಅಂತ ಸ್ವಲ್ಪ ಕೇಳಿ ಹೇಳಿ."

ನಾನು ಕೇಳಲಿಲ್ಲ. ಗಂಡ ಹೆಂಡಿರ ವಯರಿಂಗಿಗೆ ಕೈ ಹಾಕಿದರೆ ಶಾಕ್ ನಮಗೇ.

ಹಕೀಮ ಮಾಡಿದ್ದು ಇಷ್ಟು. ಗಲ್ಫಿನ ಪೆಟ್ಟಿಗೆಯನ್ನೂ ಬ್ಯಾಟರಿಯನ್ನೂ ಜೊತೆ ಸೇರಿಸಿದ, ಕಂಬಳದ ಜೋಡಿ ಕೋಣಗಳ ಹಾಗೆ. ಒಂದು ಮುಗ್ಗರಿಸಿದರೆ ಇನ್ನೊಂದು ಎಳೆಯಬೇಕು. ಬ್ಯಾಟರಿಯ ಕರೆಂಟು ಹಿಂದಕ್ಕೆ ಪೆಟ್ಟಿಗೆಯೊಳಗೆ ಹೋಗದ ಹಾಗೆ ನಡುವೆ ಒಂದು ಸಣ್ಣ ಡಯೋಡ್ ಇಟ್ಟ. ಪಂಪಿನ ಫುಟ್‌ವಾಲ್ವ್ ಉಂಟಲ್ಲ, ಏರಿದ ನೀರನ್ನು ವಾಪಸು ಬಾವಿಗೆ ಬಿಡದ್ದು, ಇದೂ ಹಾಗೆಯೇ ಎಂದು ನನಗೆ ತಿಳಿಸಿ ಹೇಳಿದ. ಆಮೇಲೆ ಚಪ್ಪಲಿ ಕಳಚಿಟ್ಟು, ಬಿಸ್ಮಿಲ್ಲಾ ಎಂದು ಲ್ಯಾಪ್‌ಟಾಪಿನ ಗುಂಡಿ ಒತ್ತಿದ.

ಪರದೆಯ ಮೇಲೆ ಒಂದು ಹಸಿರು ಪಟ್ಟಿ ಬಸವನಹುಳದ ಹಾಗೆ ತೆವಳಲಿಕ್ಕೆ ಶುರುವಾಯಿತು. ಕುಸುಮ ಅದನ್ನೇ ನೋಡುತ್ತಾ ನಿಂತಳು. ಪಟ್ಟಿ ಅರ್ಧ ದಾಟಿರಬೇಕು, ಟ್ಯೂಬ್‌ಲೈಟ್ ಮಂಕಾಯಿತು. ಫ್ಯಾನು ನಿಟ್ಟುಸಿರು ಬಿಟ್ಟಿತು. ತ್ರೀಫೇಸ್ ಬಂದಿತ್ತು, ಮತ್ತು ಎಲ್ಲೋ ಒಂದು ಪಂಪು ಎದ್ದಿತ್ತು; ನಮ್ಮ ಬಾಳೆದಿಂಡಿನ ಕರೆಂಟಿಗೆ ಒಂದೇ ಸಾಕು. ಗಲ್ಫಿನ ಪೆಟ್ಟಿಗೆಯ ಕೆಂಪು ಅಂಕೆಗಳು ಆರಿಹೋದವು. ಕುಸುಮ ನನ್ನ ತೋಳು ಹಿಡಿದಳು. ಆ ಉಗುರಿನ ಗುರುತು ಇನ್ನೂ ಉಂಟು, ಬೇಕಾದರೆ ತೋರಿಸುತ್ತೇನೆ. ಹಕೀಮ ಮಾತ್ರ ಅಲುಗದೆ, ಜ್ವರದ ಮಗುವಿನ ಎದೆಯ ಮೇಲೆ ಇಟ್ಟ ಹಾಗೆ ಬ್ಯಾಟರಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ.

ಪಟ್ಟಿ ನಿಲ್ಲಲಿಲ್ಲ. ತೆವಳಿತು, ತೆವಳಿತು, ಕೊನೆ ಮುಟ್ಟಿತು.

ಮಂಡೆಯನ್ನು ವ್ಯಾನಿಗೆ ಕೂರಿಸಿ ಚಾವಿ ತಿರುಗಿಸಿದಾಗ ಎಂಜಿನು ಒಮ್ಮೆ ಕೆಮ್ಮಿ ಚಾಲೂ ಆಯಿತು. ಕುಸುಮ ಸ್ಟೇರಿಂಗಿಗೆ ಹಣೆ ಮುಟ್ಟಿಸಿ, ಹಾರ್ನನ್ನೂ ಒಮ್ಮೆ ಒತ್ತಿ ನೋಡಿದಳು. ಸೋಮವಾರ ನಮ್ಮ ರಸ್ತೆಯಲ್ಲಿ ಅವಳ ಹಾರ್ನ್ ಕೇಳಿದಾಗ ನಾನು ಹಲ್ಲುಜ್ಜುತ್ತಿದ್ದೆ.

ಅವತ್ತು ಎದ್ದ ಪಂಪ್ ಯಾರದು ಎನ್ನುತ್ತೀಯಾ? ಎಲ್ಲರೂ ಹರಿಪ್ರಸಾದನನ್ನೇ ಹಿಡಿದರು. ಪಾಪ, ಅವನು ದೇವರ ಕೋಣೆಯಲ್ಲಿ ನಿಂತು ಆಣೆ ಹಾಕಿದ. ನಿಜ ಹೊರಬಂದದ್ದು ಆಮೇಲೆ, ಕುಸುಮಳೇ ನನ್ನ ಹೆಂಡತಿ ತ್ರಿಪುರಸುಂದರಿಯ ಹತ್ತಿರ ಬಾಯಿಬಿಟ್ಟಾಗ. ಅವತ್ತು ಅವಳು ಖುಷಿಯಲ್ಲಿ ಮನೆಗೆ ಹೋದರೆ ಅವಳದೇ ತುಂಡು ತೋಟದಲ್ಲಿ ಸ್ಪ್ರಿಂಕ್ಲರ್ ಚಿರಿಚಿರಿ ತಿರುಗುತ್ತಿತ್ತಂತೆ. ಊರಿನವರ ಸ್ಟಾರ್ಟರ್ ಎಲ್ಲ ಬಂದ್ ಮಾಡಿಸಿದವಳು ತನ್ನದನ್ನೇ ಮರೆತಿದ್ದಳು.

ನಾಚಿಕೆಯಾಗಿ ಒಂದು ವಾರ ಅವಳು ಹಕೀಮನ ಅಂಗಡಿ ಕಡೆ ನೋಡಲಿಲ್ಲ. ಕೊನೆಗೆ ವ್ಯಾನ್ ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ನಿಜ ಹೇಳಿದಳು. ಹಕೀಮ ಕೈ ಒರೆಸುತ್ತಾ ಕೇಳಿಸಿಕೊಂಡ.

"ನಿಮ್ಮದೊಂದೇ ಅಲ್ಲ ಕುಸುಮಕ್ಕ," ಎಂದ. "ನಮ್ಮ ಮನೆ ಪಂಪೂ ಅವತ್ತು ಎದ್ದಿತ್ತು. ನಾನೂ ಮರ್ತಿದ್ದೆ. ಯಾರಿಗೂ ಹೇಳ್ಬೇಡಿ."

ಅವಳಿಗೆ ಎದೆ ಹಗುರವಾಯಿತು. ನಗುತ್ತಾ ಗೇರ್ ಹಾಕಿದಳು. ಸ್ವಲ್ಪ ದೂರ ಹೋದ ಮೇಲೆ ಅವಳಿಗೆ ಹೊಳೆಯಿತಂತೆ: ಹಕೀಮನ ಮನೆಯಲ್ಲಿ ಪಂಪ್ ಎಲ್ಲಿಂದ ಬಂತು? ಅವರದ್ದು ಪಂಚಾಯತಿನ ನಳ್ಳಿ ನೀರು. ತೋಟ ಇಲ್ಲ, ಬಾವಿ ಇಲ್ಲ, ಅಂಗಳದಲ್ಲಿ ಒಂದು ನುಗ್ಗೆಮರ ಇದ್ದದ್ದೂ ಬಿದ್ದುಹೋಗಿದೆ.

ಈಗ ಹೇಳು. ಇಷ್ಟು ವರ್ಷ ನಾನು ಮೊಸಳೆ, ಹುಲಿ, ಚಾರ್ಮಾಡಿಯ ಆನೆ ಎಂದು ಎಷ್ಟು ಸುಳ್ಳು ಕಟ್ಟಿಲ್ಲ? ಅದರಲ್ಲಿ ಇಷ್ಟು ಒಳ್ಳೆಯದು ಒಂದಾದರೂ ಉಂಟೇ? ಆ ಆನೆಯ ಕತೆಯಲ್ಲಿ ಬೇಕಾದರೆ...

"ಕೇಳ್ತದಾ? ಎಲೆ ಹಾಕಿ ಅನ್ನ ಬಡಿಸಿ ಆಯ್ತು. ಆನೆಯನ್ನು ಅಲ್ಲೇ ಕಟ್ಟಿ ಬನ್ನಿ, ಅದಕ್ಕೆ ಬಡಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಬಂದೆ ಮಾರಾಯ್ತಿ, ಬಂದೆ.