ಮುಚ್ಚಿದ ಕಿಟಕಿಯೊಳಗೆ ದಮಾಮಿ

ಸಾಗರದಲ್ಲಿ ಬಾಡಿಗೆಗೆ ರೂಮು ಕೇಳಲು ಹೋದ ದಿನ ನನ್ನ ಹತ್ತಿರ ಪಾಸ್‌ಪೋರ್ಟ್ ಕೇಳಿದರು. ನಾನು ಬಂದದ್ದು ಯಲ್ಲಾಪುರದ ಕಾಡಿನಿಂದ, ಸರ್ಕಾರಿ ಬಸ್ಸಿನಲ್ಲಿ, ಚೀಲದ ತುಂಬ ಹಲಸಿನ ಹಪ್ಪಳ ಹೊತ್ತುಕೊಂಡು.

“ಅಯ್ಯೋ, ಕನ್ನಡ ಬರ್ತದಾ ನಿಮ್ಗೆ!” ಎಂದರು ಮನೆಯೊಡತಿ ಸರೋಜಮ್ಮ.

“ಮತ್ತೆಂತ ಬರ್ಬೇಕಿತ್ತು ಅಮ್ಮಾ?”

ನಕ್ಕರು. ರೂಮು ಸಿಕ್ಕಿತು. “ಬೀದಿ ಕಡೆ ಕಿಟಕಿ ಮಾತ್ರ ಮುಚ್ಚಿರ್ಲಿ. ಜನ ಏನೇನೋ ಕೇಳ್ತಾರೆ” ಎಂದರು. ಹಪ್ಪಳ ಸುಟ್ಟು ಕೊಟ್ಟೆ, ಚಪ್ಪರಿಸಿ ತಿಂದರು. ಕಿಟಕಿ ತೆಗೆಯಿರಿ ಎನ್ನಲಿಲ್ಲ.

ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ಆ ದೇಶ ಯಾವ ದಿಕ್ಕಿಗಿದೆಯೋ ನನಗೆ ಗೊತ್ತಿಲ್ಲ, ಇಲ್ಲಿನ ಜನ ಮಾತ್ರ ದಿನಾ ನನ್ನನ್ನು ಅಲ್ಲಿಗೇ ಕಳಿಸುತ್ತಾರೆ.

ಮೊಮ್ಮಗಳು ಸಾವಿತ್ರಿ ಇಲ್ಲಿ ಬಿ.ಎಸ್ಸಿ. ಓದುತ್ತಾಳೆ. ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚಕ್ಕೆ ಯಾವ ಹುಡುಗಿಯೂ ಬರಲಿಲ್ಲ. ಅದಕ್ಕೇ ನಾನು ಬಂದೆ. ಊರಲ್ಲಿ ನಮ್ಮ ಮನೆಗೆ ಬಾಗಿಲಿದ್ದರೂ ಮುಚ್ಚುವುದಿಲ್ಲ. ಇಲ್ಲಿ ಹಗಲಲ್ಲೂ ದೀಪ ಹಾಕಿಕೊಂಡು ಕೂತಿರುತ್ತೇನೆ.

ಈ ಸಲ ನಮ್ಮ ಸಾವಿತ್ರಿ ಇಡೀ ಕಾಲೇಜಿಗೆ ಮೊದಲು ಬಂದಳು! ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ನನ್ನ ಮೊಮ್ಮಗಳು ಎಲ್ಲರಿಗಿಂತ ಮೊದಲು! ಊರಲ್ಲಾಗಿದ್ದರೆ ನಮ್ಮ ಡೋಲು ದಮಾಮಿಯನ್ನು ಗುಡ್ಡದಾಚೆಗೂ ಕೇಳುವಂತೆ ಬಾರಿಸುತ್ತಿದ್ದೆ. ಇಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ವಾರ್ಷಿಕೋತ್ಸವದಲ್ಲಿ ಬಹುಮಾನ. ಕಾರ್ಯಕ್ರಮ ನೋಡಿಕೊಳ್ಳುವ ಮೇಷ್ಟ್ರು ಅವಳಿಗೆ ಹೇಳಿದರಂತೆ: “ಸೊಪ್ಪು ಕಟ್ಕೊಂಡು ನಿಮ್ಮ ಡ್ಯಾನ್ಸ್ ಮಾಡಮ್ಮ. ಹಾಗೇ ಬಹುಮಾನಾನೂ ತಗೊಂಡ್ರಾಯ್ತು.” ಹಿಂದಿನ ಬೆಂಚಿನಿಂದ ಯಾರೋ, “ನಿಂಗೆ ಮೇಕಪ್ ಖರ್ಚೂ ಇಲ್ಲ ಬಿಡೇ” ಎಂದರಂತೆ. ಅಲ್ಲಿಯವರೆಗೂ ಅವಳನ್ನು ವೇದಿಕೆಗೆ ಕರೆದದ್ದೆಲ್ಲ ಕುಣಿಯುವುದಕ್ಕೇ.

“ಈ ಸಲ ಕುಣಿಯಲ್ಲ ಅಜ್ಜಿ. ಓದಿದವಳು ಅಂತ ಒಂದ್ಸಲ ನೋಡ್ಲಿ.”

ಸೀರೆ ಉಟ್ಟು ಹೋದಳು. ನಾನೂ ಹೋಗಿ ಸಭೆಯ ಹಿಂದಿನ ಸಾಲಲ್ಲಿ ಕೂತೆ. ಹೆಸರು ಕರೆದರು, ಮೆಟ್ಟಿಲು ಹತ್ತಿದಳು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಮುಂದಿದ್ದ ಖಾಲಿ ಕುರ್ಚಿಯ ಬೆನ್ನಿಗೆ ದಮಾಮಿಯ ಪೆಟ್ಟು ಬಿದ್ದೇಬಿಟ್ಟಿತು. ಸಭೆಯೆಲ್ಲ ತಿರುಗಿತು. ಮೊಬೈಲುಗಳು ನನ್ನ ಕಡೆಗೆ ಎದ್ದವು. ಶಿಳ್ಳೆ ಬೇರೆ. “ಕುಣೀರಿ ಅಜ್ಜಿ, ಕುಣೀರಿ!” ವೇದಿಕೆಯ ಮೇಲೆ ಬಹುಮಾನ ಹಿಡಿದು ನಿಂತ ನನ್ನ ಕೂಸನ್ನು ನೋಡುವವರೇ ಇರಲಿಲ್ಲ. ಎತ್ತಿದ ಕೈ ಅಲ್ಲೇ ನಿಂತಿತು.

ರೂಮಿಗೆ ಬಂದು ಅತ್ತೆ. ಸಾವಿತ್ರಿ ಅನ್ನದ ಪಾತ್ರೆಯನ್ನು ಬೋರಲು ಮಾಡಿ ನನ್ನ ತೊಡೆಯ ಮೇಲಿಟ್ಟಳು.

“ಬಾರ್ಸಜ್ಜಿ. ಅಲ್ಲಿ ಬಾರ್ಸಿದ್ದು ನಂಗಲ್ವಾ? ಪೂರ್ತಿ ಮಾಡು.”

“ಸರೋಜಮ್ಮಂಗೆ ಕೇಳ್ತದೆ ಮಗಾ.”

“ಹಾಗಾರೆ ಮೆಲ್ಲಗೆ.”

ಬೆರಳ ತುದಿಯಲ್ಲಿ ಬಾರಿಸಿದೆ. ಅವಳು ಕುಣಿದಳು, ಹೆಜ್ಜೆಯ ಸದ್ದು ಕೆಳಗಿನ ಮನೆಗೆ ಇಳಿಯದ ಹಾಗೆ.

ಊರಿಗೆ ಹೋದರೆ ಈಗ “ಸಾಗರದ ಅಜ್ಜಿ ಬಂದ್ಲು” ಎನ್ನುತ್ತಾರೆ. ಸಾಗರದವರು ಯಾವ ದೇಶ ಎಂದು ಇನ್ನೂ ಕೇಳುತ್ತಲೇ ಇದ್ದಾರೆ. ಬೀದಿ ಕಡೆಯ ಕಿಟಕಿ ಮುಚ್ಚಿಯೇ ಇದೆ. ಅದರೊಳಗೆ ಇಡೀ ಕಾಲೇಜಿಗೆ ಮೊದಲು ಬಂದ ನನ್ನ ಮೊಮ್ಮಗಳಿದ್ದಾಳೆ.