ಇಲ್ಲದ ಶೆಲ್ಫ್

ವಾಪಸು ಬಂದ ನನ್ನ ಡ್ರಿಲ್ಲಿನ ವಯರನ್ನು ನೀಟಾಗಿ ಸುತ್ತಿ, ತಲೆಗೂದಲಿಗೆ ಹಾಕುವ ಹಳದಿ ರಬ್ಬರಿನಿಂದ ಬಿಗಿಯಲಾಗಿತ್ತು.

ಕೊಂಢವಾ ಬಡಾವಣೆಯಲ್ಲಿ ಬಾಡಿಗೆಗೆ ಮನೆ ಹಿಡಿದಾಗ ಗೆಳತಿ ಪರದೆ ಹಾಕಲೆಂದು ಅದನ್ನು ಒಯ್ದಿದ್ದಳು. ಐದು ತಿಂಗಳಾದರೂ ಕೊಟ್ಟಿರಲಿಲ್ಲ. ಸುಮ್ಮನೆ ವಾಪಸು ಕೇಳಿದರೆ ನನಗೆ ಅವಳ ಮೇಲೆ ನಂಬಿಕೆಯಿಲ್ಲ ಎಂದುಕೊಂಡಾಳು ಎಂಬ ಅಳುಕಿನಿಂದ, ಶೆಲ್ಫ್ ಹಾಕಬೇಕಿದೆ ಎಂದು ಸುಳ್ಳು ಸಂದೇಶ ಕಳಿಸಿದೆ.

ಸಂಜೆಯೇ ಬಂದಳು. ಡ್ರಿಲ್ಲಿನ ಜೊತೆ ಸ್ಕ್ರೂಗಳ ಪೊಟ್ಟಣವನ್ನೂ ತಂದಿದ್ದಳು.

“ನೀ ಕುರ್ಚಿ ಹಿಡಿ, ನಾನ ಹಾಕ್ತೀನಿ. ಎಲ್ಲಿ ಅದ ಶೆಲ್ಫು?”

“ಇನ್ನೂ ತಂದಿಲ್ಲ.”

ಅವಳು ಖಾಲಿ ಗೋಡೆಯನ್ನು ನೋಡಿದಳು, ಆಮೇಲೆ ನನ್ನನ್ನು.

“ಡ್ರಿಲ್ ಕೊಡವಾ ಅನ್ನಲಿಕ್ಕೆ ಇಷ್ಟು ನಾಟಕ ಬೇಕಿತ್ತೇನ?”

ಚಹಾ ಕುಡಿಯದೆ ಹೋದಳು. ಪೊಟ್ಟಣ ಮೇಜಿನ ಮೇಲೇ ಉಳಿಯಿತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತು, ಶೆಲ್ಫ್ ಕೊಂಡು ತಂದು, ಅವಳ ಸ್ಕ್ರೂಗಳಿಂದಲೇ ಆ ಗೋಡೆಗೆ ಹಾಕಿದೆ.