ಪಟ್ಟಿ ಮೇಷ್ಟ್ರು

ನಮ್ಮ ಶಾಲೆಯ ಆಟದ ಮೇಷ್ಟ್ರಿಗೆ ಪಟ್ಟಿ ಮೇಷ್ಟ್ರು ಎಂದೇ ಹೆಸರು. ನಾವೆಲ್ಲ ಅಂಕಪಟ್ಟಿ ಕೊಡುವವರು, ಅವರು ಗಾಯಕ್ಕೆ ಪಟ್ಟಿ ಕಟ್ಟುವವರು. ಮೈದಾನದಲ್ಲಿ ಮಂಡಿ ತರಚಿದ ಸದ್ದು ಸ್ಟಾಫ್ ರೂಮಿನಲ್ಲೇ ಅವರ ಕಿವಿಗೆ ಬೀಳುತ್ತದೆ. ಯಾರಾದರೂ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಲು ಹೋದರೆ, "ಅದು ಮಂಡಿ ಸ್ವಾಮಿ, ಹಲ್ಲಲ್ಲ" ಎನ್ನುತ್ತಾರೆ. ನಲ್ಲಿಯ ಕೆಳಗೆ ಹಿಡಿದು, ಮರಳಿನ ಕೊನೆಯ ಕಣ ಹೋಗುವ ತನಕ ತೊಳೆದು, ಉಜ್ಜದೆ ಒತ್ತಿ ಒರೆಸಿ, ಮುಲಾಮು ಸವರಿ ಪಟ್ಟಿ ಅಂಟಿಸುವಷ್ಟರಲ್ಲಿ ಮಗುವಿನ ಅಳುವೂ ಮುಗಿದಿರುತ್ತದೆ, ನನ್ನ ಪೀರಿಯಡ್ಡೂ ಮುಗಿದಿರುತ್ತದೆ. ಅದಕ್ಕೇ ಅವರನ್ನು ಎಲ್ಲರಿಗಿಂತ ಹೆಚ್ಚು ಗೇಲಿ ಮಾಡಿದವಳು ನಾನು. ಮೊನ್ನೆ ಸಾಲು ತಪ್ಪಿದ ಹುಡುಗಿಯೊಬ್ಬಳನ್ನು ಸಿಟ್ಟಿನಲ್ಲಿ ತೋಳು ಹಿಡಿದು ಎಳೆದೆ. ಅವಳು ಮೆಟ್ಟಿಲ ಮೇಲೆ ಬಿದ್ದು ಮೊಣಕೈ ತರಚಿಕೊಂಡಳು. ನಲ್ಲಿಯ ಬಳಿ ಮೇಷ್ಟ್ರು "ಏನಾಯ್ತು ಪುಟ್ಟಿ?" ಎಂದಾಗ, ನನ್ನತ್ತ ನೋಡದೆ, "ನಾನೇ ಜಾರ್ಬಿಟ್ಟೆ ಸರ್" ಎಂದಳು. ಮೇಷ್ಟ್ರು ಅವಳ ತೋಳಿನಲ್ಲಿ ಕೆಂಪಗೆ ಮೂಡಿದ್ದ ನಾಲ್ಕು ಬೆರಳ ಗುರುತು ನೋಡಿದರು. ಒರೆಸುವ ಬಟ್ಟೆಯನ್ನು ನನ್ನ ಕೈಗಿಟ್ಟು, "ನೀವೇ ಒರೆಸಿ ಮೇಡಂ, ಮೆತ್ತಗೆ ಹಿಡ್ಕೊಳ್ಳಿ" ಎಂದರು. ನಾನು ಕೈ ಚಾಚಿದೆ. ಅವಳು ಮೊಣಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡಳು.